ಉಪ್ಪು ಬಿಟ್ಟ ಮನೆಗೆ ಬಂದ ಪದ

ಕೃಷ್ಣರಾಜರ ಬದುಕಿನಲ್ಲಿ ‘ಸ್ವಲ್ಪ’ ಎಂಬ ಮಾತಿಗೆ ಜಾಗವಿರಲಿಲ್ಲ. ಇಟ್ಟುಕೊಂಡರೆ ಪೂರ್ತಿ ಇಟ್ಟುಕೊಳ್ಳುವುದು, ಬಿಟ್ಟರೆ ಬೇರುಸಹಿತ ಬಿಡುವುದು. ನಡುವಿನ ದಾರಿಯೆಂಬುದು ಅವರ ಪಾಲಿಗೆ ಸೋಮಾರಿಗಳು ಹುಡುಕಿಕೊಂಡ ನೆಪ. ಹೋಟೆಲಿನ ಗೆಳೆಯರಿಂದ ಅಂಟಿಸಿಕೊಂಡಿದ್ದ ನಶ್ಯದ ಚಟವನ್ನು, ಮದುವೆಯಾದ ಹೊಸದರಲ್ಲಿ ಹೆಂಡತಿ ಅಮ್ಮಣ್ಣಿ ಮೂಗು ಮುರಿದಳೆಂಬ ಒಂದೇ ಕಾರಣಕ್ಕೆ ಡಬ್ಬಿಯ ಸಮೇತ ಚರಂಡಿಗೆಸೆದರು. ಹೊಟ್ಟೆಯುರಿಗೆ ಕಾಫಿಯೇ ಕಾರಣವೆಂದು ಯಾರೋ ಹೇಳಿದಾಗ ಕಾಫಿ ಬಿಟ್ಟರು. ಆಮೇಲೆ ಎಷ್ಟೋ ವರ್ಷ ಫಿಲ್ಟರಿನ ಘಮ ಬರುವ ಮೂಲೆಯ ಪಕ್ಕದಲ್ಲೇ ನಿಂತು ಕೆಲಸ ಮಾಡಿದರೂ ಒಂದು ಗುಟುಕು ಬಾಯಿಗೆ ಬಿಟ್ಟುಕೊಳ್ಳಲಿಲ್ಲ. ಮಗಳು ಪ್ರಣಮ್ಯಾ ಮದ್ರಾಸಿನ ಶಾಲೆಯಲ್ಲಿ ಒಂದನೆಯ ತರಗತಿಯಲ್ಲಿದ್ದಾಗ, ಅವಳ ತಮಿಳು ತಡವರಿಸುತ್ತದೆ ಎಂದು ಟೀಚರ್ ದೂರು ಹೇಳಿದರು. ಅಂದು ಸಂಜೆಯಿಂದಲೇ ಮಗುವಿನೊಡನೆ ಕನ್ನಡ ಆಡಕೂಡದೆಂದು ಮನೆಯಲ್ಲಿ ಕಟ್ಟಪ್ಪಣೆಯಾಯಿತು. ಹುಡುಗಿ ತಮಿಳಿನಲ್ಲಿ ಬಹುಮಾನ ತಂದಳು. ಕನ್ನಡ ಮಾತ್ರ ಅವಳ ಕಿವಿಯವರೆಗೆ ಬಂದು ಅಲ್ಲಿಯೇ ನಿಂತಿತು. ತಾಯಿ ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಉತ್ತರ ತಮಿಳಿನಲ್ಲಿ ಬರುತ್ತಿತ್ತು.

ಬಂಧುಗಳು ಈ ಗುಣವನ್ನು ನಿಷ್ಠೆಯೆಂದು ಕರೆಯುತ್ತಿದ್ದರು. ಕುಂದಾಪುರದ ಕಡೆಯ ಹಳ್ಳಿಯೊಂದರಿಂದ ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ ಮದ್ರಾಸಿಗೆ ಬಂದು, ಅಣ್ಣಾ ನಗರದ ಸಸ್ಯಾಹಾರಿ ಹೋಟೆಲೊಂದರಲ್ಲಿ ತರಕಾರಿ ಹೆಚ್ಚುವುದರಿಂದ ಶುರುಮಾಡಿ ಸಾಂಬಾರಿನ ಒಲೆಯ ಯಜಮಾನಿಕೆಯವರೆಗೆ ಬಂದವರನ್ನು ಬೇರೆ ಏನೆಂದು ಕರೆಯಬೇಕು? ಅಡುಗೆಮನೆಯಲ್ಲಿ ಅವರು ಎಲ್ಲರಿಗೂ ‘ಭಟ್ರು’. ಸೌಟಿನ ತುದಿಯಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿ, ಕಣ್ಣು ಮುಚ್ಚಿ, “ಹ್ಞೂಂ” ಎಂದ ಮೇಲೆಯೇ ಸಾಂಬಾರು ಹೊರಗೆ ಹೋಗಬೇಕು. ಆದರೆ ಆ ನಾಲಿಗೆಗೆ ಮನೆಯಲ್ಲಿ ಕೆಲಸವಿರಲಿಲ್ಲ. ಮನೆಯಲ್ಲಿ ಬೇಯಿಸಿದ್ದು ಮೊದಲು ದೇವರಿಗೆ. ನೈವೇದ್ಯಕ್ಕೆ ಮುಂಚೆ ರುಚಿ ನೋಡುವುದೆಂದರೆ ಎಂಜಲು ಮಾಡಿದ ಹಾಗೆ. ಅಲ್ಲಿ ಅಳತೆ ಕೈಗೆ ಬಿಟ್ಟದ್ದು.

ಇಬ್ಬರೂ ವ್ರತದ ಜನ. ಚಾತುರ್ಮಾಸ್ಯದ ನಾಲ್ಕು ತಿಂಗಳು ಮಾಧವರಂನ ಅವರ ಬಾಡಿಗೆ ಮನೆಯಲ್ಲಿ ಊಟದ ಎಲೆ ತಿಂಗಳಿಗೊಂದು ಸಲ ಬದಲಾಗುತ್ತಿತ್ತು. ಮೊದಲ ತಿಂಗಳು ತರಕಾರಿಯಿಲ್ಲ, ಆಮೇಲೆ ಮೊಸರಿಲ್ಲ, ಆಮೇಲೆ ಹಾಲಿಲ್ಲ, ಕಡೆಗೆ ಬೇಳೆಯಿಲ್ಲ. ಹಾಲಿನ ಡೈರಿಯ ಲಾರಿಗಳು ಹಗಲೂ ರಾತ್ರಿ ಓಡಾಡುವ ರಸ್ತೆಯ ಪಕ್ಕದಲ್ಲಿ ಹಾಲಿಲ್ಲದೆ ಒಂದು ತಿಂಗಳು ಕಳೆಯುವುದು ಅಮ್ಮಣ್ಣಿಗೆ ತಮಾಷೆಯ ವಿಷಯ. “ಲಾರಿಯವ್ನ್ ಬ್ರೇಕ್ ಹಾಕಿರೆ ಇಲ್ಲೇ ಚೆಲ್ಲತ್ತ್, ನಮ್ಗ್ ಮಾತ್ರ ಇಲ್ಲೆ” ಎಂದು ನಗುತ್ತಿದ್ದಳು. ನಗುತ್ತಿದ್ದಳೇ ಹೊರತು ಒಂದು ದಿನವೂ ತಪ್ಪಿಸಿದವಳಲ್ಲ. ವ್ರತಕ್ಕೆ ಕಡಿಮೆ ಹೆಚ್ಚು ಎಂಬುದಿಲ್ಲ. ‘ಮೊಸರು ಕಡಿಮೆ ತಿನ್ನುತ್ತೇನೆ’ ಎಂದು ಯಾರೂ ದೇವರ ಮುಂದೆ ಸಂಕಲ್ಪ ಮಾಡುವುದಿಲ್ಲ.

ಹೋದ ಬೇಸಿಗೆಯಲ್ಲಿ ಅಮ್ಮಣ್ಣಿಗೆ ತಲೆ ತಿರುಗುವುದು ಶುರುವಾಯಿತು. ಬಸ್ ಟರ್ಮಿನಸ್ಸಿನ ಹತ್ತಿರದ ಕ್ಲಿನಿಕ್ಕಿನಲ್ಲಿ ರಕ್ತದೊತ್ತಡ ನೋಡಿದ ಡಾಕ್ಟರಮ್ಮ ಮೈಯ ನೀರಿಳಿಸುವ ಮಾತ್ರೆಯೊಂದನ್ನು ಬರೆದುಕೊಟ್ಟು, “ಉಪ್ಪು ಕೊರೈಚ್ಚುಕ್ಕೋಂಗಮ್ಮಾ, ವೆಯಿಲ್ ಕಾಲಂ, ತಣ್ಣಿ ನಲ್ಲಾ ಕುಡೀಂಗ” ಎಂದರು. ಉಪ್ಪು ಕಡಿಮೆ ಮಾಡಿ, ಬಿಸಿಲುಗಾಲ, ಚೆನ್ನಾಗಿ ನೀರು ಕುಡಿಯಿರಿ. ಎಲ್ಲ ಊರಿನ ಎಲ್ಲ ಡಾಕ್ಟರುಗಳೂ ಹೇಳುವ ಮಾತು; ತಪ್ಪಿಲ್ಲದ ಮಾತು. ಆದರೆ ಅದು ಬಂದು ಬಿದ್ದದ್ದು ಕೃಷ್ಣರಾಜರ ಕಿವಿಯಲ್ಲಿ.

ಮರುದಿನ ಬೆಳಗ್ಗೆ ಉಪ್ಪಿನ ಜಾಡಿ ಅಟ್ಟಕ್ಕೇರಿತು. ಅದರ ಹಿಂದೆ ಉಪ್ಪಿನಕಾಯಿಯ ಭರಣಿ, ಹಪ್ಪಳದ ಡಬ್ಬ, ಬಾಳಕದ ಮೆಣಸು. ದೇವರ ಮುಂದೆ ಹೆಂಡತಿಯನ್ನು ನಿಲ್ಲಿಸಿ, “ಸಂಕಲ್ಪ ಮಾಡ್. ನಾನೂ ಮಾಡ್ತೆ. ಬಿಪಿ ಇಳಿವರಿಗೂ ಈ ಮನಿಯಂಗೆ ಉಪ್ಪಿಲ್ಲೆ” ಎಂದರು.

“ಡಾಕ್ಟ್ರ್ ಕಡ್ಮಿ ಮಾಡುಕ್ ಹೇಳದ್ದಲ್ದಾ?” ಎಂದಳು ಅಮ್ಮಣ್ಣಿ.

“ಕಡ್ಮಿ ಮಾಡುದಂದ್ರೆ ಎಷ್ಟ್? ಇವತ್ತ್ ಒಂದ್ ಚಿಟ್ಕಿ, ನಾಳೆ ಎರಡ್ ಚಿಟ್ಕಿ. ಬಿಡುದಾರೆ ಬಿಟ್ಟೇ ಬಿಡ್ಕ್.”

ಅವಳು ಕೈ ಮುಗಿದಳು. ಅಡುಗೆಯನ್ನೂ ಅವರೇ ವಹಿಸಿಕೊಂಡರು. ಕೆಲಸಕ್ಕೆ ಹೊರಡುವ ಮೊದಲು ಅನ್ನ, ಸಾರು, ಒಂದು ಪಲ್ಯ ಮಾಡಿ ಮುಚ್ಚಿಟ್ಟು ಹೋಗುತ್ತಿದ್ದರು. ಮೊದಲ ದಿನ ಎಲೆಯ ಮುಂದೆ ಕುಳಿತು ಅವಳು, “ಹ್ವಾಯ್, ಅಣ್ಣಾ ನಗರದವ್ರಿಗೆಲ್ಲ ರುಚಿ ಮಾಡಿ ಬಡ್ಸ್ತ್ರಿ, ನಂಗ್ ಮಾತ್ರ ಸಪ್ಪೆ ಮಾಡಿ ಹಾಕ್ತ್ರ್ಯಲ್ದಾ? ಬಡ್ಸುವರ್ ಗಂಡ ಆರೆ ಹಿಂಗೇ ಕಾಣಿ” ಎಂದು ಹಂಗಿಸಿದಳು. ಅದು ಒಂದೇ ಸಲ. ಆಮೇಲೆ ಆ ಬಗ್ಗೆ ಮಾತಿಲ್ಲ. ಸಂಕಲ್ಪವಾದ ಮೇಲೆ ಬಿಟ್ಟ ವಸ್ತುವನ್ನು ನೆನೆಯುವುದೂ ವ್ರತಭಂಗವೆಂದು ಅವಳ ಅತ್ತೆ ಕಲಿಸಿದ್ದರು.

ಕೃಷ್ಣರಾಜರೂ ರಾತ್ರಿಯೂಟವನ್ನು ಅವಳ ಜತೆಗೆ ಸಪ್ಪೆಯಾಗಿಯೇ ಉಂಡರು. ತಾವು ಸಮಪಾಲು ಹೊತ್ತಿದ್ದೇವೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಮಧ್ಯಾಹ್ನ ಹೋಟೆಲಿನಲ್ಲಿ ಉಣ್ಣುವ ಊಟವಾಗಲಿ, ಗಂಟೆಗೊಮ್ಮೆ ಅಂಗೈಯಿಂದ ನೆಕ್ಕುವ ಹನಿಗಳಾಗಲಿ ಅವರ ಲೆಕ್ಕಕ್ಕೆ ಬಂದಿರಲಿಲ್ಲ. ಅದು ಕೆಲಸ, ಊಟವಲ್ಲ. ಬಿಡುವಾದಾಗಲೆಲ್ಲ ಹೋಟೆಲಿನಿಂದ ಫೋನು ಮಾಡಿ, “ನೀರ್ ಕುಡ್ದ್ಯಾ? ಇನ್ನೊಂದ್ ಲೋಟ ಕುಡಿ” ಎನ್ನುತ್ತಿದ್ದರು. ಅವಳು ಕುಡಿಯುತ್ತಿದ್ದಳು.

ಮುಂದಿನದನ್ನು ಅರ್ಥಮಾಡಿಕೊಳ್ಳಲು ದೇಹದ ಒಂದು ಸಣ್ಣ ವ್ಯವಹಾರವನ್ನು ತಿಳಿಯಬೇಕು. ರಕ್ತದಲ್ಲಿ ಉಪ್ಪಿನಂಶ ಇಳಿದಾಗ ನೀರು ಜೀವಕೋಶಗಳ ಒಳಗೆ ನುಗ್ಗುತ್ತದೆ; ಗಟ್ಟಿ ಬುರುಡೆಯೊಳಗಿರುವ ಮಿದುಳಿಗೆ ಉಬ್ಬಲು ಜಾಗವಿಲ್ಲ. ಆದ್ದರಿಂದ, ಇಳಿತ ನಿಧಾನವಾಗಿದ್ದರೆ, ಮಿದುಳಿನ ಕೋಶಗಳು ತಮ್ಮೊಳಗಿನ ಲವಣಗಳನ್ನೂ ಬೇರೆ ಕೆಲವು ವಸ್ತುಗಳನ್ನೂ ಹೊರಗೆ ಹಾಕಿ ಹೊರಗಿನ ಬಡತನಕ್ಕೆ ತಮ್ಮನ್ನು ಹೊಂದಿಸಿಕೊಳ್ಳುತ್ತವೆ. ಇಲ್ಲದಿರುವುದಕ್ಕೆ ಅವು ಒಗ್ಗಿಕೊಳ್ಳುತ್ತವೆ. ಅಮ್ಮಣ್ಣಿಯ ಮಿದುಳು ಆ ಬೇಸಿಗೆಯುದ್ದಕ್ಕೂ ಸದ್ದಿಲ್ಲದೆ ಇದನ್ನೇ ಮಾಡುತ್ತಿದ್ದಿರಬೇಕು. ಹೊರಗೆ ಕಂಡದ್ದು ಆಯಾಸ, ವಾಕರಿಕೆ, ನಡೆಯುವಾಗ ಗೋಡೆ ಹಿಡಿಯುವುದು. ಒಂದು ದಿನ ಒಗೆದ ಬಟ್ಟೆಯನ್ನು ಫ್ರಿಜ್ಜಿನೊಳಗೆ ಮಡಿಸಿಟ್ಟಿದ್ದಳು. ಬಿಪಿ ಏರಿದೆಯೆಂದು ಭಾವಿಸಿದ ಕೃಷ್ಣರಾಜರು, ಅಂಗಡಿಯ ಬಿಸ್ಕತ್ತಿನಲ್ಲಿಯೂ ಉಪ್ಪಿರುತ್ತದೆಂದು ಅದನ್ನೂ ನಿಲ್ಲಿಸಿದರು.

ಒಂದು ಬೆಳಗ್ಗೆ, ಅವರು ಪಂಚೆ ಉಟ್ಟುಕೊಂಡು ಹೊರಡುವ ಹೊತ್ತಿಗೆ, ಅಮ್ಮಣ್ಣಿ ಹೊಸ್ತಿಲ ಬಳಿ ಕುಸಿದಳು. ಕೈಕಾಲು ಸೆಟೆದುಕೊಂಡವು.

ಪೋರೂರಿನ ದೊಡ್ಡ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಅರವಿಂದ್ ಎಂಬ ಯುವ ಡಾಕ್ಟರ್ ರಕ್ತಪರೀಕ್ಷೆಯ ಫಲ ನೋಡಿ, “ಸೋಡಿಯಂ ರೊಂಬ ಕೊರೈಂಜಿರುಕ್ಕು. ವೀಟ್ಲೆ ಉಪ್ಪೇ ಪೋಡರದಿಲ್ಲೆಯಾ?” ಎಂದು ಕೇಳಿದರು. ಸೋಡಿಯಂ ಬಹಳ ಇಳಿದಿದೆ, ಮನೆಯಲ್ಲಿ ಉಪ್ಪೇ ಹಾಕುವುದಿಲ್ಲವೆ?

“ಒರು ಕಲ್ ಕೂಡ ಇಲ್ಲೆ, ಸಾರ್” ಎಂದರು ಕೃಷ್ಣರಾಜರು. ಒಂದು ಹರಳು ಕೂಡ ಇಲ್ಲ. ಪರೀಕ್ಷೆಯಲ್ಲಿ ಪಾಸಾದ ಹುಡುಗನ ದನಿಯಲ್ಲಿ ಹೇಳಿದರು. ಡಾಕ್ಟರ್ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದಾಗ, ಸುದ್ದಿ ಕೇಳಿ ತನ್ನ ಮನೆಯಿಂದ ಓಡಿಬಂದು ಪಕ್ಕದಲ್ಲಿ ನಿಂತಿದ್ದ ಪ್ರಣಮ್ಯಾ ನಿಧಾನವಾಗಿ ಮುಖಕ್ಕೆ ಕೈ ಹಿಡಿದುಕೊಂಡದ್ದನ್ನು ಕೃಷ್ಣರಾಜರು ಕಂಡರು. ಆಗಲೇ ಅವರೊಳಗೆ ಏನೋ ಕಳಚಿತು.

ಅಮ್ಮಣ್ಣಿಗೆ ಹನಿಹನಿಯಾಗಿ ಉಪ್ಪಿನ ದ್ರವ ಏರಿಸಿದರು. ಮಾತ್ರೆ ನಿಲ್ಲಿಸಿದರು. ಅವಳು ಎಚ್ಚರವಾದಳು! ಒಂದೆರಡು ದಿನದಲ್ಲಿ ವಾರ್ಡಿಗೆ ಬಂದು, ದಿಂಬಿಗೊರಗಿ ಕುಳಿತು, ಗಂಡನನ್ನು ಮೇಲಿನಿಂದ ಕೆಳಗೆ ನೋಡಿದಳು.

“ಎಂತ ಅವತಾರ ಇದ್? ಶರ್ಟ್ ತಿರ್ಗಾ ಮುರ್ಗಾ ಹಾಯ್ಕಂಡಿರಿ. ಆಸ್ಪತ್ರಿಯವ್ರ್ ನಿಮ್ಮನ್ನೇ ಅಡ್ಮಿಟ್ ಮಾಡ್ಕಣ್ತ್ರ್.”

“ನೀ ಸುಮ್ಮನಿರ್ ಮಾರಾಯ್ತಿ” ಎಂದು ಕೃಷ್ಣರಾಜರು ಶರ್ಟನ್ನು ಅಲ್ಲಿಯೇ ಬಿಚ್ಚಿ ತಿರುಗಿಸಿ ಹಾಕಿಕೊಂಡರು. ಪಕ್ಕದ ಹಾಸಿಗೆಯ ತಮಿಳು ಅಜ್ಜಿ ನಕ್ಕಿತು. ಆಸ್ಪತ್ರೆಯ ಇಡ್ಲಿ ಕಲ್ಲಿನ ಹಾಗಿದೆಯೆಂದೂ, ಭಟ್ಟರು ಇವರಿಗೆ ಉದ್ದು ನೆನೆಹಾಕುವುದನ್ನು ಕಲಿಸಬೇಕೆಂದೂ ಅಮ್ಮಣ್ಣಿ ಅಜ್ಜಿಗೆ ತನ್ನ ಕುಂದಾಪುರದ ತಮಿಳಿನಲ್ಲಿ ವಿವರಿಸಿದಳು. ಸಂಜೆ ಪ್ರಣಮ್ಯಾ ಬಂದು ತಾಯಿಯ ತಲೆ ಬಾಚಿ ಜಡೆ ಹಾಕಿದಳು. ಮೂವರೂ ಒಟ್ಟಿಗೆ ಅಷ್ಟು ಹೊತ್ತು ಕುಳಿತು ಬಹಳ ಕಾಲವಾಗಿತ್ತು. ಕೃಷ್ಣರಾಜರು ಮರುದಿನ ಹೋಟೆಲಿಗೂ ಹೋದರು. ಜೊತೆಯ ಅಡುಗೆಯವನಾದ ತಮ್ಮಯ್ಯನಿಗೆ, “ಗೆದ್ದ್ ಬಂದ್ಲ್” ಎಂದರು.

ಅದಾದ ಮೇಲಿನ ಬೆಳಗ್ಗೆ ಅಮ್ಮಣ್ಣಿಯ ಮಾತು ಬಾಯಲ್ಲಿ ತೊದಲಿತು. ಮಧ್ಯಾಹ್ನ ನೀರು ನುಂಗಲಾಗದೆ ಕೆಮ್ಮಿದಳು. ಕೈ ಎತ್ತಲು ಹೋದರೆ ಕೈ ಬರಲಿಲ್ಲ. ಕೆಲವೇ ದಿನಗಳಲ್ಲಿ ಅವಳ ಮೈಯಲ್ಲಿ ಅವಳಿಚ್ಛೆಯಂತೆ ಚಲಿಸುವುದೆಂದು ಉಳಿದದ್ದು ಕಣ್ಣು ಮಾತ್ರ.

ಸ್ಕ್ಯಾನಿನ ದಿನ ಕಾರಿಡಾರಿನಲ್ಲಿ ಇಬ್ಬರು ಡಾಕ್ಟರುಗಳು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಇಂಗ್ಲಿಷು ಕೃಷ್ಣರಾಜರಿಗೆ ಅಷ್ಟಕ್ಕಷ್ಟೆ. ಆದರೆ ಒಂದು ಪದ ಮತ್ತೆ ಮತ್ತೆ ಬಂದದ್ದರಿಂದ ಕಿವಿಯಲ್ಲಿ ಉಳಿಯಿತು. ಓವರ್‌ಕರೆಕ್ಷನ್.

ಕೆಳಗಿನ ಕ್ಯಾಂಟೀನಿನಲ್ಲಿ ಅವರು ಮಗಳನ್ನು ಕೇಳಿದರು. “ಮಗಾ, ಓವರ್‌ಕರೆಕ್ಷನ್ ಅಂದ್ರೆ ಎಂತ?”

ಪ್ರಣಮ್ಯಾ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು. ಸುತ್ತ ತಮಿಳು ಬಲ್ಲ ಜನರಿದ್ದರು. ಅವರಿಗೆ ತಿಳಿಯಬಾರದೆಂದೋ ಏನೋ, ತನಗೆ ಬಾರದ ಕನ್ನಡದಲ್ಲಿಯೇ, ಟಿವಿಯಲ್ಲಿ ಕೇಳಿದ್ದ ಮಾತುಗಳನ್ನು ಹೆಕ್ಕಿ, ತುಂಡು ತುಂಡಾಗಿ ಆರಂಭಿಸಿದಳು. “ಅಪ್ಪಾ, ತಪ್ಪು ಇರತ್ತೆ ಅಲ್ವಾ, ಅದನ್ನ ಸರಿ ಮಾಡೋದು ಕರೆಕ್ಷನ್. ಸರಿ ಮಾಡೋಕ್ಕೆ ಹೋಗಿ ಆ ಕಡೆ ದಾಟಿ ಹೋದ್ರೆ ಓವರ್. ಕಾರು ಎಡಕ್ಕೆ ಜಾರತ್ತೆ, ನಾವು ಭಯದಲ್ಲಿ ಸ್ಟಿಯರಿಂಗ್ ಬಲಕ್ಕೆ ಜೋರಾ ತಿರುಗಿಸ್ತೀವಿ, ಪಲ್ಟಿ ಆಗತ್ತೆ. ಎಡಕ್ಕೆ ಜಾರಿದ್ದಕ್ಕೆ ಪಲ್ಟಿ ಆಗಿದ್ದಿಲ್ಲ. ತಿರುಗಿಸಿದ್ದಕ್ಕೆ.”

“ಅಮ್ಮಂಗೆ ಎಂತ ಆಯ್ತ್?”

“ಊರಿಂದ ಮಿಡಿ ತರ್ತೀಯಲ್ಲ, ಉಪ್ಪಿನಕಾಯಿಗೆ. ಉಪ್ಪಲ್ಲಿ ಹಾಕಿದ್ರೆ ಏನಾಗತ್ತೆ?”

“ಸುಕ್ಕತ್ತ್. ನೀರ್ ಬಿಡತ್ತ್.”

“ಅದೇ ಪಾ. ಮಿದುಳಿನ ಒಳಗೆ ಕಡಿಮೆ ಉಪ್ಪಿಗೆ ಎಲ್ಲ ಒಗ್ಗಿಬಿಟ್ಟಿತ್ತು. ಇಲ್ಲಿ ಬಂದ ಮೇಲೆ ಹೊರಗೆ ಉಪ್ಪು ಬೇಗ ಏರಿಬಿಡ್ತು. ಮೆಲ್ಲ ಏರಿದ್ರೆ ಪರವಾಯಿಲ್ಲೆ. ಬೇಗ ಏರಿದ್ರೆ ಕೋಶಗಳು ಆ ಮಿಡಿ ಹಾಗೆ…” ಮಿದುಳಿನ ಬುಡದಲ್ಲಿ ನರಗಳ ಮೇಲಿನ ಹೊದಿಕೆ ಕಳಚಿದೆಯೆಂದು ಹೇಳಲು ಕನ್ನಡದ ಮಾತು ಅವಳಿಗೆ ಸಿಗಲಿಲ್ಲ. ತಮಿಳಿನಲ್ಲಿಯೂ ಬಾಯಿ ಬರಲಿಲ್ಲ.

ಕೃಷ್ಣರಾಜರು ಟೇಬಲ್ಲಿನ ಮೇಲೆ ಬಿದ್ದಿದ್ದ ಸಾಂಬಾರಿನ ಹನಿಯನ್ನು ಬೆರಳಿನಿಂದ ಒರೆಸುತ್ತ ಕುಳಿತರು. “ಹಾಂಗಾರೆ ಓವರ್‌ಕರೆಕ್ಷನ್ ಎರಡ್ ಸಲ ಆಯ್ತ್. ಮೊದ್ಲನೇದ್ ನಾ ಮಾಡದ್ದ್.”

“ಇಲ್ಲಪ್ಪಾ! ಆ ವರ್ಡ್ ಅದಕ್ಕಲ್ಲ. ಡಾಕ್ಟರ್ಸ್ ಅದನ್ನ ಸೋಡಿಯಂ ಏರಿಸೋದಕ್ಕೆ ಮಾತ್ರ ಹೇಳ್ತಾರೆ. ನೀನು ಮಾಡಿದ್ದು ಡಯಟ್.”

“ಬಿಪಿ ಜಾಸ್ತಿ ಇದ್ದಿತ್ತ್. ಸರಿ ಮಾಡುಕ್ ಹೋಯಿ ಆಚಿ ಬದಿ ದಾಟ್ದೆ. ನೀನೇ ಹೇಳ್ದ್ಯಲ್ಲ.”

ಪದವೊಂದು ಶಾಸ್ತ್ರದ ಕೈಯಲ್ಲಿರುವಾಗ ಅದರ ಬೇಲಿ ಸ್ಪಷ್ಟವಾಗಿರುತ್ತದೆ. ಇಷ್ಟು ಗಂಟೆಗಳಲ್ಲಿ ಇಷ್ಟಕ್ಕಿಂತ ಹೆಚ್ಚು ಏರಿದರೆ ಅದು ಅತಿತಿದ್ದುಪಡಿ, ಕಡಿಮೆಯಾದರೆ ಅಲ್ಲ. ಅದೇ ಪದ ಕ್ಯಾಂಟೀನಿನ ಟೇಬಲ್ಲಿಗೆ ಬಂದಾಗ ಬೇಲಿ ಉಳಿಯಲಿಲ್ಲ. ಅದು ತಪ್ಪಿನ ಹೆಸರಲ್ಲ, ತಪ್ಪನ್ನು ಸರಿಪಡಿಸಹೊರಟವನ ಹೆಸರು ಎಂದು ಕೃಷ್ಣರಾಜರಿಗೆ ಅನ್ನಿಸಿತು. ಕೆಡಿಸಬೇಕೆಂದು ಹೊರಟವನಿಗೆ ಈ ಪದ ಅನ್ವಯಿಸುವುದೇ ಇಲ್ಲ. ಕಾಳಜಿಯಿಲ್ಲದವನಿಗೂ ಇಲ್ಲ. ಸುಮ್ಮನೆ ಕುಳಿತವನ ಕೈಗೆ ಅದು ಹತ್ತುವುದಿಲ್ಲ. ಪ್ರೀತಿಸಿದವನನ್ನು ಮಾತ್ರ ಹುಡುಕಿಕೊಂಡು ಬರುವ ಅಪವಾದ ಅದು.

ಡಾಕ್ಟರ್ ಅರವಿಂದ್ ಏನನ್ನೂ ಮುಚ್ಚಿಡಲಿಲ್ಲ. ಅವರನ್ನು ತಮ್ಮ ಕೋಣೆಗೆ ಕರೆದು ಕೂರಿಸಿ, ತಮಿಳಿನಲ್ಲಿ ನಿಧಾನವಾಗಿ ವಿವರಿಸಿದರು. ತಾವು ಮೆಲ್ಲಗೆ ಏರಿಸಬೇಕೆಂದೇ ಹೊರಟಿದ್ದು ನಿಜ, ಆದರೆ ಮಾತ್ರೆ ನಿಂತು, ಮೈಗೆ ತುಸು ಉಪ್ಪು ಸಿಕ್ಕ ಕೂಡಲೇ ಅಮ್ಮನ ಮೂತ್ರಪಿಂಡಗಳು ಹಿಡಿದಿಟ್ಟಿದ್ದ ನೀರನ್ನೆಲ್ಲ ಒಮ್ಮೆಗೇ ಬಿಟ್ಟುಕೊಟ್ಟವು, ಏರಿಕೆ ಕೈಮೀರಿತು, ಅದನ್ನು ತಾವು ಇನ್ನೂ ಬೇಗ ಗಮನಿಸಿ ತಡೆಯಬೇಕಿತ್ತು. ಇಷ್ಟೇ ಬೇಗ ಏರಿದ ಎಷ್ಟೋ ಜನರಿಗೆ ಏನೂ ಆಗುವುದಿಲ್ಲ. ಎಚ್ಚರದಿಂದ ಏರಿಸಿದವರಲ್ಲೂ ಒಮ್ಮೊಮ್ಮೆ ಹೀಗಾಗುತ್ತದೆ. ಯಾವುದರಿಂದ ಎಷ್ಟು ಎಂದು ಪಾಲು ಹಾಕಲು ಬರುವುದಿಲ್ಲ.

“ನಾ ಉಪ್ಪು ಬಿಡಿಸದಿದ್ದರೆ?” ಎಂದು ಕೃಷ್ಣರಾಜರು ತಮಿಳಿನಲ್ಲಿ ಕೇಳಿದರು.

ಡಾಕ್ಟರ್ ಕನ್ನಡಕ ತೆಗೆದರು. “ಆ ಮಾತ್ರೆಯೊಂದರಿಂದಲೇ ಕೆಲವರಿಗೆ ಸೋಡಿಯಂ ಇಳಿಯುತ್ತದೆ, ಐಯಾ. ಉಪ್ಪು ತಿಂದವರಿಗೂ.”

“ಅಷ್ಟು ಇಳಿಯುತ್ತಿತ್ತೆ?”

“ತೆರಿಯಾದು” ಎಂದರು ಡಾಕ್ಟರ್. ಗೊತ್ತಿಲ್ಲ.

ಪ್ರಾಮಾಣಿಕವಾದ ಉತ್ತರ ಅದೊಂದೇ. ಅಮ್ಮಣ್ಣಿಗೆ ಉಪ್ಪು ಹಾಕಿದ ಇನ್ನೊಂದು ಬೇಸಿಗೆಯನ್ನು ಯಾರೂ ತಂದು ಪಕ್ಕದಲ್ಲಿಟ್ಟು ಹೋಲಿಸಿ ನೋಡಲಾರರು. ಆದರೆ ಪೂರ್ತಿಯಾಗಿ ಬಿಡುವ, ಪೂರ್ತಿಯಾಗಿ ಹಿಡಿಯುವ ಮನುಷ್ಯನಿಗೆ ‘ಗೊತ್ತಿಲ್ಲ’ ಎಂಬುದರ ಮೇಲೆ ನಿಲ್ಲಲು ಬರುವುದಿಲ್ಲ. ಪಾಲು ಹಾಕಲಾಗದ ತಪ್ಪನ್ನು ಕೃಷ್ಣರಾಜರು ಇಡಿಯಾಗಿ ತಾವೇ ಎತ್ತಿಕೊಂಡರು. ಪ್ರಣಮ್ಯಾ ಆಸ್ಪತ್ರೆಯ ಮೇಲೆ ದೂರು ಕೊಡಬೇಕೆಂದಾಗ ಅವರು ಒಪ್ಪಲಿಲ್ಲ. “ಅವ್ರ್ ಮಾಡದ್ದ್ ತಪ್ಪಾರೆ ನಾ ಮಾಡದ್ದ್ ಎಂತ? ಮೊದ್ಲು ನನ್ನ ಮೇಲೆ ಕೊಡ್” ಎಂದರು. “ಎನ್ನಪ್ಪಾ ನೀ” ಎಂದು ಅವಳು ಅತ್ತಳು. ಏನಪ್ಪಾ ನೀನು. ಅವಳಿಗೆ ಬೈಯಲು ಯಾರಾದರೂ ಬೇಕಾಗಿತ್ತು, ಮತ್ತು ಅದು ಅಪ್ಪನಾಗಕೂಡದಿತ್ತು.

ಅಮ್ಮಣ್ಣಿ ಮನೆಗೆ ಬಂದಳು. ಮೂಗಿನ ಮೂಲಕ ಹೊಟ್ಟೆಗಿಳಿದ ಸಣ್ಣ ಕೊಳವೆಯೊಂದರ ಜತೆ. ಹಗಲು ಹೊತ್ತು ನೋಡಿಕೊಳ್ಳಲು ಒಬ್ಬಾಕೆಯನ್ನು ಗೊತ್ತುಮಾಡಿ ಕೃಷ್ಣರಾಜರು ಮತ್ತೆ ಕೆಲಸಕ್ಕೆ ಹೋದರು. ಒಂದು ದಿನ ಒಲೆಯ ಮುಂದೆ ತಮ್ಮಯ್ಯ ಸಾಂಬಾರು ಸರಿಮಾಡಲು ಒದ್ದಾಡುತ್ತಿದ್ದ. ಉಪ್ಪು ಕಡಿಮೆಯೆಂದು ಹಿಡಿ ಹಾಕಿ, ಹೆಚ್ಚಾಯಿತೆಂದು ನೀರು ಹೊಯ್ದು, ನೀರಾಯಿತೆಂದು ಹುಣಸೆ ಹಿಂಡಿ, ಹುಳಿಯಾಯಿತೆಂದು ಬೆಲ್ಲ ಹುಡುಕುತ್ತಿದ್ದವನನ್ನು ಕಂಡು ಅವರ ಬಾಯಿಂದ ಅರಿವಿಲ್ಲದೆ ಮಾತು ಬಂತು. “ಬಿಡ್ ತಮ್ಮಯ್ಯ. ಓವರ್‌ಕರೆಕ್ಷನ್ ಆಯ್ತ್.”

“ಎಂತ ಅಂದ್ರಿ ಭಟ್ರೆ? ಓವರ್… ಹೋ, ಭಟ್ರ್ ಇಂಗ್ಲಿಷ್ ಕಲ್ತ್ರ್ ಕಾಣಿ!”

ಅಡುಗೆಮನೆಗೆ ಅದು ಹಿಡಿಸಿತು. ಕಾಫಿಗೆ ಎರಡು ಚಮಚ ಸಕ್ಕರೆ ಜಾಸ್ತಿ ಬಿದ್ದರೆ, “ಓವರ್‌ಕರೆಕ್ಷನ್ ಆಯ್ಡ್ಚು ಡಾ!” ಎಂದು ತಮಿಳು ಸಪ್ಲೈಯರ್ ಕೂಗುತ್ತಿದ್ದ. ಮದುವೆಗೆ ಮೊದಲು ಹುಡುಗಿಯರ ಹಿಂದೆ ತಿರುಗುತ್ತಿದ್ದ ತಮ್ಮಯ್ಯ ಈಗ ಹೆಂಡತಿಗೆ ಹೆದರಿ ನೆಲ ನೋಡಿ ನಡೆಯುತ್ತಾನೆ, ಅದೂ ಓವರ್‌ಕರೆಕ್ಷನ್. ಖಾರ ಹೆಚ್ಚಾದ ಚಟ್ನಿ, ತೀರಾ ಗಿಡ್ಡ ಕತ್ತರಿಸಿದ ಕೂದಲು, ಎಲ್ಲದಕ್ಕೂ ಆ ಒಂದೇ ಪದ. ಎಲ್ಲ ಬಳಕೆಯೂ ಸರಿಯಾಗಿಯೇ ಇತ್ತು. ಪದದ ಅರ್ಥವನ್ನು ಅವರು ಒಂದು ಸಲವೂ ತಪ್ಪಲಿಲ್ಲ. ಅದು ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ. ಕೃಷ್ಣರಾಜರು ಹೇಳಲೂ ಇಲ್ಲ. ಒಂದು ಮಧ್ಯಾಹ್ನ ಊಟದ ಗದ್ದಲದ ನಡುವೆ ಮೂರು ಕಡೆಯಿಂದ ಆ ಪದವೂ ಅದರ ಹಿಂದೆ ನಗುವೂ ಕೇಳಿದಾಗ ಅವರು ಅಂಗೈಗೆ ಬಿಟ್ಟುಕೊಂಡಿದ್ದ ಹನಿಯನ್ನು ನೆಕ್ಕದೆ ನಿಂತರು. ಆಮೇಲೆ ಕೈ ತೊಳೆದು, ಸೌಟನ್ನು ತಮ್ಮಯ್ಯನ ಕೈಗೆ ಕೊಟ್ಟು, “ಇನ್ನ್ ನೀನೇ ಕಾಣ್” ಎಂದರು. ಊಟಕ್ಕೆ ಹೊರಟರೆಂದು ತಮ್ಮಯ್ಯ ಭಾವಿಸಿದ. ಅವರು ಮತ್ತೆ ಆ ಒಲೆಯ ಮುಂದೆ ನಿಲ್ಲಲಿಲ್ಲ.

ಈಗ ನಡುಮನೆಯಲ್ಲಿ ಆಸ್ಪತ್ರೆಯ ಮಂಚವಿದೆ. ಕೃಷ್ಣರಾಜರು ಅಮ್ಮಣ್ಣಿಯನ್ನು ಮಗ್ಗುಲು ಬದಲಾಯಿಸಿ ಮಲಗಿಸುತ್ತಾರೆ, ಬೆನ್ನಿಗೆ ಪೌಡರ್ ಹಾಕುತ್ತಾರೆ, ಗಂಜಿಯನ್ನು ಸೋಸಿ ಕೊಳವೆಗೆ ಹೊಯ್ಯುತ್ತಾರೆ. ಅದರಲ್ಲಿ ಉಪ್ಪೆಷ್ಟಿರಬೇಕೆಂದು ಆಸ್ಪತ್ರೆಯವರು ಹೇಳಿದ್ದಾರೆ. ಉಪ್ಪಿನ ಜಾಡಿಯನ್ನು ಅವರು ಮುಟ್ಟುವುದಿಲ್ಲ, ಅದೊಂದನ್ನು ಬೆಳಗ್ಗೆ ಬಂದುಹೋಗುವ ಪ್ರಣಮ್ಯಾ ಹಾಕಿಟ್ಟು ಹೋಗುತ್ತಾಳೆ.

ವಾರಕ್ಕೊಮ್ಮೆ ಶ್ರೀವಿದ್ಯಾ ಎಂಬ ಸ್ಪೀಚ್ ಥೆರಪಿಸ್ಟ್ ಬರುತ್ತಾಳೆ. ಎಳೆಯ ವಯಸ್ಸಿನ, ಗಟ್ಟಿಯಾಗಿ ಮಾತಾಡುವ ಹುಡುಗಿ. ಅಮ್ಮಣ್ಣಿಗೆ ಎಲ್ಲವೂ ಅರ್ಥವಾಗುತ್ತದೆ, ಹೇಳಲು ದಾರಿಯಿಲ್ಲ ಅಷ್ಟೆ ಎಂದು ಖಚಿತಪಡಿಸಿದವಳು ಅವಳೇ. ‘ಹೌದು’ ಎನ್ನಲು ಕಣ್ಣು ಮೇಲೆತ್ತುವುದು, ‘ಇಲ್ಲ’ ಎನ್ನಲು ಕಣ್ಣು ಮುಚ್ಚುವುದು. ಇದನ್ನು ಅವಳು ತಾಳ್ಮೆಯಿಂದ ಕಲಿಸಿದಳು. ಫ್ಯಾನ್ ಬೇಕೆ? ಹೌದು. ಮಗ್ಗುಲು ನೋಯುತ್ತದೆಯೆ? ಇಲ್ಲ. “ಪಾರುಂಗ ತಾತಾ, ಅಮ್ಮಾ ಪೇಸರಾಂಗ!” ಎಂದು ಚಪ್ಪಾಳೆ ತಟ್ಟಿದಳು. ನೋಡಿ ತಾತಾ, ಅಮ್ಮ ಮಾತಾಡುತ್ತಿದ್ದಾರೆ.

ಅವಳು ಹೋದ ಮೇಲೆ ಕೃಷ್ಣರಾಜರು ಬಾಗಿಲು ಹಾಕಿ ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತರು. ಕಿಟಕಿಯಿಂದ ಬಿಸಿಲು ಹಾಸಿಗೆಯ ಅಂಚಿಗೆ ಬಂದಿತ್ತು. ಕ್ಯಾಂಟೀನಿನ ದಿನದಿಂದ ಅವರೊಳಗಿದ್ದದ್ದು ಒಂದೇ ಪ್ರಶ್ನೆ. ಅದನ್ನು ಯಾವ ಡಾಕ್ಟರನ್ನೂ ಕೇಳುವಂತಿರಲಿಲ್ಲ, ಬಲ್ಲವಳು ಒಬ್ಬಳೇ, ಅವಳ ಬಾಗಿಲು ಇಂದು ಒಂದು ಬಿರುಕಿನಷ್ಟು ತೆರೆದಿತ್ತು.

“ಅಮ್ಮಣ್ಣಿ” ಎಂದರು. ಅವಳ ಕಣ್ಣು ಅವರ ಕಡೆ ತಿರುಗಿತು. “ಆ ದಿನಗಳಂಗೆ… ನಿಂಗ್ ಉಪ್ಪ್ ಬೇಕ್ ಅನ್ಸಿತ್ತಾ? ಬೇಕ್ ಅನ್ಸಿ, ನಾ ಸಂಕಲ್ಪ ಮಾಡ್ಸಿದೆ ಅಂದ್ಕಂಡ್ ಸುಮ್ಮನಿದ್ದ್ಯಾ?”

ಅಮ್ಮಣ್ಣಿ ಕಣ್ಣು ಮುಚ್ಚಿದಳು. ಇಲ್ಲ.

ಪ್ರಶ್ನೆಯ ಕಡೆಯ ಪದ ಅವರ ಬಾಯಿಂದ ಬಿದ್ದಿತ್ತಷ್ಟೆ. ಫ್ಯಾನ್ ಬೇಕೆ ಎಂಬುದಕ್ಕೆ ಉತ್ತರಿಸಲು ಅವಳಿಗೆ ಎಷ್ಟು ಹೊತ್ತು ಹಿಡಿದಿತ್ತೆಂದು ಅವರು ಈಗತಾನೆ ನೋಡಿದ್ದರು; ಕಣ್ಣು ಅವಳ ಮಾತು ಕೇಳಲು ಒದ್ದಾಡಿತ್ತು. ಈ ‘ಇಲ್ಲ’ ಮಾತ್ರ ಕಾದು ಕುಳಿತಿದ್ದಂತೆ ಬಂದಿತ್ತು.

“ಸತ್ಯ ಹೇಳ್. ನಂಗೆ ಬ್ಯಾಸರ ಆತ್ತ್ ಅಂದ್ಕಂಡ್ ಹೇಳ್ಬ್ಯಾಡ. ಬೇಕ್ ಅನ್ಸಿತ್ತಾ?”

ಮತ್ತೆ ಕಣ್ಣು ಮುಚ್ಚಿದಳು. ಗಟ್ಟಿಯಾಗಿ, ರೆಪ್ಪೆ ಸುಕ್ಕುಗಟ್ಟುವಷ್ಟು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಅವರಿಗೆ ಪೂರ್ತಿ ಬೇಕಾಗಿತ್ತು. ಶಿಕ್ಷೆಯಾದರೂ ಪೂರ್ತಿ, ಕ್ಷಮೆಯಾದರೂ ಪೂರ್ತಿ. ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆಳೆದು ಮೂರನೆಯ ಸಲ ಕೇಳಿದರು. ಈ ಸಲ ಅವಳ ಕಣ್ಣು ಮೇಲೂ ಹೋಗಲಿಲ್ಲ, ಮುಚ್ಚಲೂ ಇಲ್ಲ. ಅವರ ಮುಖದ ಮೇಲೆಯೇ ನಿಂತಿತು. ಬಲಗಣ್ಣಿನ ಮೂಲೆಯಿಂದ ನೀರು ಹರಿದು ಕಿವಿ ಸೇರಿತು, ಆಮೇಲೆ ಎಡಗಣ್ಣಿನಿಂದ.

ಈ ಕಾಯಿಲೆಯಲ್ಲಿ ಅಳು ಬಂದರೆ ದುಃಖವೆಂದೇ ತಿಳಿಯಬಾರದು, ನರಗಳ ಹತೋಟಿ ತಪ್ಪಿ ಕಾರಣವಿಲ್ಲದೆಯೂ ಕಣ್ಣೀರು ಬರಬಹುದು ಎಂದು ಡಾಕ್ಟರ್ ಅರವಿಂದ್ ಮೊದಲೇ ಎಚ್ಚರಿಸಿದ್ದರು. ಇದು ಯಾವುದೆಂದು ಹೇಳಲು ಯಾವ ಪರೀಕ್ಷೆಯೂ ಇರಲಿಲ್ಲ. ಕೃಷ್ಣರಾಜರು ಪಂಚೆಯ ಅಂಚಿನಿಂದ ಅವಳ ಕಣ್ಣೊರೆಸಿದರು, ಕಿವಿಯೊಳಗಿಳಿದದ್ದನ್ನೂ ಒರೆಸಿದರು.

“ಆಯ್ತ್ ಮಾರಾಯ್ತಿ. ಇಲ್ಲೆ ಅಂದ್ಯಲ್ಲ. ಇಲ್ಲೆ” ಎಂದರು.

ಅವಳು ಹೇಳಿದ್ದನ್ನು ಅವರು ನಂಬಲಿಲ್ಲ. ನಂಬಿದ್ದೇನೆಂದು ಅವಳಿಗೆ ಕಾಣುವಂತೆ, ಹೇಗೋ ಮುಖ ಸರಿಮಾಡಿಕೊಂಡು, ಅವಳ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡು ಕುಳಿತರು. ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.